ಹತ್ತಿ ಬಟ್ಟೆಗೆ ಚೊಗರಿನ ಬಣ್ಣ, ಕೈಹೊಲಿಗೆಯ ಜುಬ್ಬ

ಪ್ರಶ್ನೆ: ನಾವು ಶಿರಸಿ ಕಡೆಯವರು. ಆರು ವರ್ಷದ ಮೊಮ್ಮಗಳಿಗೆ ಒಂದು ಜುಬ್ಬ ಹೊಲಿಯಬೇಕು, ಬಟ್ಟೆಗೆ ಗಿಡದ ಬಣ್ಣವನ್ನೇ ಹಾಕಬೇಕು ಅಂತ ಆಸೆ. ಬಿಳಿ ಪಂಚೆಯ ತುಂಡನ್ನು ಬೀಟ್‌ರೂಟ್ ರಸದಲ್ಲಿ ಅದ್ದಿದೆ. ಮೊದಲ ಒಗೆತಕ್ಕೇ ಬಣ್ಣ ಹೋಯಿತು. ಅರಿಶಿನ ಹಾಕಿದ್ದು ಸೋಪು ತಾಗಿ ಕೆಂಪಾಯಿತು, ಬಿಸಿಲಿಗೆ ಮಾಸಿತು. ಉಪ್ಪು, ವಿನೆಗರ್ ಹಾಕಿದರೂ ನಿಲ್ಲಲಿಲ್ಲ. ಮನೆಯಲ್ಲಿ ಅಡಿಕೆ ಬೇಯಿಸಿ ಉಳಿದ ಚೊಗರು ಇದೆ, ಹೊಲಿಗೆ ಯಂತ್ರ ಇಲ್ಲ. ಬಣ್ಣ ಮೊದಲು ಹಾಕಬೇಕೋ, ಹೊಲಿಗೆ ಮೊದಲು ಮುಗಿಸಬೇಕೋ?

ಉತ್ತರ: ಮೊದಲು ಬಣ್ಣ, ಆಮೇಲೆ ಹೊಲಿಗೆ. ಕಾರಣ ಮುಂದೆ ಹೇಳುತ್ತೇನೆ. ಅದಕ್ಕಿಂತ ಮುಂಚೆ ಬೀಟ್‌ರೂಟ್ ವಿಷಯ. ನಿಮ್ಮ ಕೈಯಲ್ಲಿ ಅದು ನಿಲ್ಲಲಿಲ್ಲ ಅಂತ ಬೇಸರ ಮಾಡಿಕೊಳ್ಳಬೇಡಿ. ಅದು ಯಾರ ಕೈಯಲ್ಲೂ ನಿಲ್ಲುವುದಿಲ್ಲ. ಅದರ ಕೆಂಪು ನೀರಲ್ಲಿ ಸುಲಭವಾಗಿ ಕರಗುತ್ತದೆ, ಬಿಸಿಗೂ ಬೆಳಕಿಗೂ ಒಡೆದುಹೋಗುತ್ತದೆ, ಹತ್ತಿಯ ಎಳೆಯನ್ನು ಹಿಡಿದುಕೊಳ್ಳುವ ಗುಣವೇ ಅದಕ್ಕಿಲ್ಲ. ಅರಿಶಿನದ ಕಥೆ ಬೇರೆ. ಅದು ಹತ್ತಿಗೆ ಚೆನ್ನಾಗಿಯೇ ಹತ್ತುತ್ತದೆ, ಆದರೆ ಬಿಸಿಲು ತಡೆಯುವುದಿಲ್ಲ. ಸೋಪಿನ ಕ್ಷಾರಕ್ಕೆ ಕೆಂಪಾಗುವುದು ನಿಮಗೆ ಹೊಸದೇನಲ್ಲ, ಅರಿಶಿನಕ್ಕೆ ಸುಣ್ಣ ಬೆರೆಸಿ ಓಕುಳಿ ಮಾಡುವುದು ಇದೇ ಗುಣದಿಂದ. ದಾಸವಾಳದ ಹೂವಿನದೂ ಇದೇ ಪಾಡು, ಹುಳಿಗೆ ಒಂದು ಬಣ್ಣ, ಸೋಪಿಗೆ ಇನ್ನೊಂದು. ಉಪ್ಪು, ವಿನೆಗರ್‌ನಿಂದ ಬಣ್ಣ ಕೂರುತ್ತದೆ ಅನ್ನುವ ಮಾತು ಎಲ್ಲ ಕಡೆ ಓಡಾಡುತ್ತಿದೆ. ಹತ್ತಿಗೆ ಗಿಡದ ಬಣ್ಣ ಹಾಕುವಾಗ ಅವೆರಡೂ ಏನೂ ಮಾಡುವುದಿಲ್ಲ.

ಹತ್ತಿಗೆ ಬೇಕಾಗಿರುವುದು ಒಗರು. ರೇಷ್ಮೆ, ಉಣ್ಣೆ ಪ್ರಾಣಿಗಳಿಂದ ಬಂದವು, ಅವುಗಳಲ್ಲಿ ಪ್ರೋಟೀನ್ ಇದೆ, ಪಟಿಕದ, ಅಂದರೆ ಆಲಂ ಕಲ್ಲಿನ, ನೀರಲ್ಲಿ ನೆನೆಸಿದರೆ ಸಾಕು, ಬಣ್ಣ ಹಿಡಿಯುತ್ತವೆ. ಹತ್ತಿ ಗಿಡದ್ದು. ಅದಕ್ಕೆ ಪಟಿಕ ನೇರವಾಗಿ ಸರಿಯಾಗಿ ಅಂಟುವುದಿಲ್ಲ. ನಡುವೆ ಒಗರು ಇರಬೇಕು. ಒಗರು ಎಳೆಯನ್ನು ಹಿಡಿಯುತ್ತದೆ, ಪಟಿಕ ಒಗರನ್ನು ಹಿಡಿಯುತ್ತದೆ, ಬಣ್ಣ ಪಟಿಕವನ್ನು ಹಿಡಿಯುತ್ತದೆ. ವಿಜ್ಞಾನದವರು ಈ ಒಗರಿಗೆ ಟ್ಯಾನಿನ್ ಅನ್ನುತ್ತಾರೆ. ಅಳಲೆಕಾಯಿ, ದಾಳಿಂಬೆ ಸಿಪ್ಪೆ, ಅಡಿಕೆ, ಕಾಚು, ಹೀಗೆ ನಾಲಿಗೆಗೆ ಒಗರಾಗಿರುವುದೆಲ್ಲ ಹತ್ತಿಗೆ ನೆಂಟ. ಬೀಟ್‌ರೂಟ್ ಸಿಹಿ, ಅಲ್ವಾ? ತಿನ್ನಬಹುದಾದ ವಸ್ತುವಾದರೆ ಚೂರು ನಾಲಿಗೆಗೆ ತಾಗಿಸಿ ನೋಡಿದರೆ ಅಂದಾಜು ಸಿಗುತ್ತದೆ. ಗೊತ್ತಿಲ್ಲದ ಗಿಡವನ್ನು ಮಾತ್ರ ಬಾಯಿಗೆ ಹಾಕಬೇಡಿ.

ಹಾಗೆ ನೋಡಿದರೆ ನಿಮ್ಮ ಮನೆಯಲ್ಲಿರುವ ಚೊಗರಿಗಿಂತ ಒಳ್ಳೆಯ ಬಣ್ಣ ಹೊಸಬರಿಗೆ ಸಿಗುವುದಿಲ್ಲ. ಅದರಲ್ಲಿ ಒಗರೂ ಇದೆ, ಬಣ್ಣವೂ ಇದೆ. ಸಾಗರ ತಾಲ್ಲೂಕಿನ ಹೆಗ್ಗೋಡಿನ ಹತ್ತಿರ, ಭೀಮನಕೋಣೆಯಲ್ಲಿ, ರಂಗಕರ್ಮಿ ಪ್ರಸನ್ನ ಅವರು ಕಟ್ಟಿದ ಚರಕ ಎಂಬ ಮಹಿಳೆಯರ ಸಹಕಾರ ಸಂಘವಿದೆ. ಅಲ್ಲಿ ಕೈಮಗ್ಗದ ಬಟ್ಟೆಗೆ ಹಾಕುವ ಬಣ್ಣಗಳಲ್ಲಿ ಚೊಗರೂ ಒಂದು. ಮಲೆನಾಡಿನಲ್ಲಿ ಅಡಿಕೆ ಬೇಯಿಸಿ ಉಳಿಯುವ ನೀರು ಅದು. ಕರಾವಳಿಯಲ್ಲಿ ಹೆಚ್ಚಾಗಿ ಅಡಿಕೆಯನ್ನು ಬೇಯಿಸದೆ ಬಿಸಿಲಲ್ಲಿ ಒಣಗಿಸಿ ಚಾಲಿ ಮಾಡುವುದರಿಂದ ಅಲ್ಲಿಯವರಿಗೆ ಇದು ಸುಲಭಕ್ಕೆ ಸಿಗದು. ನಿಮಗೆ ಹಂಡೆಯಲ್ಲೇ ಇದೆ.

ಬಟ್ಟೆ ಯಾವುದು? ನೂರಕ್ಕೆ ನೂರು ಹತ್ತಿ ಆಗಿರಬೇಕು. ಸಂಶಯ ಇದ್ದರೆ ಒಂದು ಎಳೆ ಕಿತ್ತು ಸುಟ್ಟು ನೋಡಿ. ಹತ್ತಿ ಕಾಗದದ ವಾಸನೆ ಕೊಟ್ಟು ಬೂದಿಯಾಗುತ್ತದೆ. ಪಾಲಿಯೆಸ್ಟರ್ ಬೆರೆತಿದ್ದರೆ ಕರಗಿ ಗಟ್ಟಿ ಗುಂಡಾಗುತ್ತದೆ, ಅದಕ್ಕೆ ಗಿಡದ ಬಣ್ಣ ಹಿಡಿಯುವುದಿಲ್ಲ. ಹಳೆಯ ಪಂಚೆ ಮೆತ್ತಗಿರುತ್ತದೆ, ಗಂಜಿ ಹೋಗಿರುತ್ತದೆ, ಮಕ್ಕಳಿಗೆ ಹಿತ. ಮಂಡಿ ಉಜ್ಜಿ ಸವೆದ ಭಾಗವನ್ನು ಬಿಟ್ಟು ತೆಗೆದುಕೊಳ್ಳಿ. ಹೊಸದು ಕೊಳ್ಳುವುದಾದರೆ 36 ಅಂಗುಲ ಅಗಲದ ಖಾದಿ ಅಥವಾ ಕೈಮಗ್ಗದ ಬಟ್ಟೆ ಒಂದೂವರೆ ಮೀಟರ್ ಸಾಕು. ಒಣಗಿದ್ದಾಗ ತೂಗಿದರೆ ಸುಮಾರು 200 ಗ್ರಾಂ ಬರುತ್ತದೆ. ಇನ್ನು ಮುಂದೆ ನಾನು ಹೇಳುವ ಅಳತೆಯೆಲ್ಲ ಈ 200 ಗ್ರಾಮಿಗೆ. ನಿಮ್ಮ ಬಟ್ಟೆ ಹೆಚ್ಚು ಕಡಿಮೆ ಇದ್ದರೆ ಅದೇ ಲೆಕ್ಕದಲ್ಲಿ ಬದಲಿಸಿಕೊಳ್ಳಿ.

ಈಗ ತೊಳೆಯುವ ಕೆಲಸ. ಎಲ್ಲರೂ ಇಲ್ಲೇ ಅವಸರ ಮಾಡುತ್ತಾರೆ, ಬಣ್ಣ ಕಲೆಕಲೆಯಾಗುವುದೂ ಹೆಚ್ಚಾಗಿ ಇದರಿಂದಲೇ. ನೋಡಲು ಬೆಳ್ಳಗಿರುವ ಹೊಸ ಬಟ್ಟೆಯಲ್ಲೂ ಹತ್ತಿಯ ಸ್ವಂತ ಮೇಣ, ನೇಯುವಾಗ ಹಾಕಿದ ಗಂಜಿ, ಎಣ್ಣೆ ಇರುತ್ತವೆ. ಹಿಂದೆ ಅಗಸರು ಚೌಳು ಮಣ್ಣಿನಲ್ಲಿ ಕುದಿಸಿ ಇದನ್ನೆಲ್ಲ ತೆಗೆಯುತ್ತಿದ್ದರು. ನೀವು ದೊಡ್ಡ ಸ್ಟೀಲ್ ಪಾತ್ರೆಯಲ್ಲಿ 8 ಲೀಟರ್ ನೀರಿಗೆ 10 ಗ್ರಾಂ ವಾಷಿಂಗ್ ಸೋಡಾ ಹಾಕಿ, ಅಂದರೆ ಎರಡು ಚಿಕ್ಕ ಚಮಚ. ಅಡಿಗೆ ಸೋಡಾ ಬೇಡ. ಬಟ್ಟೆ ಮುಳುಗಿಸಿ ಒಂದೂವರೆ ಗಂಟೆ ಮಂದ ಉರಿಯಲ್ಲಿ ಕುದಿಸಿ. ನೀರು ಚಹಾದ ಬಣ್ಣಕ್ಕೆ ಬಂದರೆ ಹೆದರಬೇಡಿ, ಹೋಗಬೇಕಾದ್ದು ಅದೇ. ಚೆನ್ನಾಗಿ ಜಾಲಿಸಿ ಒಣಗಿಸಿ, ಮೇಲೆ ಒಂದು ಹನಿ ನೀರು ಬಿಡಿ. ತಕ್ಷಣ ಹೀರಿಕೊಂಡರೆ ಬಟ್ಟೆ ಸಿದ್ಧ. ಹನಿ ಗುಂಡಗೆ ನಿಂತರೆ ಇನ್ನೊಮ್ಮೆ ಕುದಿಸಿ. ಕೈಮಗ್ಗದ ಬಟ್ಟೆ ಕುಗ್ಗುವುದೂ ಇಲ್ಲೇ. ಹೊಲಿದ ಮೇಲೆ ಕುದಿಸಿದರೆ ಜುಬ್ಬವೇ ಕುಗ್ಗುತ್ತದೆ, ಮಡಿಕೆಗಳ ಒಳಗೆ ಬಣ್ಣ ಇಳಿಯದೆ ಹೊಲಿಗೆಯ ಸಾಲುಗಳು ಪೇಲವವಾಗಿ ಉಳಿಯುತ್ತವೆ. ಬಣ್ಣ ಮೊದಲು ಅಂತ ಹೇಳಿದ್ದು ಅದಕ್ಕೆ.

ಪಾತ್ರೆ ಸ್ಟೀಲಿನದೇ ಇರಲಿ. ಕಬ್ಬಿಣದ ಬಾಣಲೆ, ತಾಮ್ರದ ಹಂಡೆ ಬೇಡ, ಲೋಹ ಬಿಟ್ಟುಕೊಂಡು ಬಣ್ಣ ಕೆಡುತ್ತದೆ. ಈ ಕೆಲಸಕ್ಕೆ ಬಳಸಿದ ಪಾತ್ರೆಯನ್ನು ಮತ್ತೆ ಅಡಿಗೆಗೆ ತರಬೇಡಿ. ನೀರನ್ನೂ ಒಮ್ಮೆ ಪರೀಕ್ಷೆ ಮಾಡಿ. ಒಂದು ಲೋಟ ನೀರಿಗೆ ಚೂರು ಅಳಲೆಕಾಯಿ ಪುಡಿ ಅಥವಾ ಗಟ್ಟಿ ಚಹಾ ಡಿಕಾಕ್ಷನ್ ಹಾಕಿ ಇಡಿ. ಸ್ವಲ್ಪ ಹೊತ್ತಿನಲ್ಲಿ ಬೂದು ಅಥವಾ ಕಪ್ಪು ಛಾಯೆ ಬಂದರೆ ನೀರಲ್ಲಿ ಕಬ್ಬಿಣ ಇದೆ ಅಂತ ಅರ್ಥ. ಎಷ್ಟೋ ಬೋರ್‌ವೆಲ್ ನೀರು ಹೀಗೇ ಇರುತ್ತದೆ, ಅದರಲ್ಲಿ ಹಾಕಿದ ಬಣ್ಣವೆಲ್ಲ ಮಂಕಾಗುತ್ತದೆ. ನಿಮ್ಮಲ್ಲಿ ಮಳೆಗೆ ಬರವಿಲ್ಲ. ಹಿಡಿದಿಟ್ಟ ಮಳೆನೀರು ಈ ಕೆಲಸಕ್ಕೆ ಎಲ್ಲಕ್ಕಿಂತ ಉತ್ತಮ.

ಚೊಗರಿಗೆ ಬರೋಣ. ಅದರಲ್ಲೇ ಒಗರು ಇರುವುದರಿಂದ ಅಳಲೆಕಾಯಿ ಬೇಕಿಲ್ಲ. ಹಂಡೆಯಿಂದ ತೆಗೆದ ತೆಳು ಚೊಗರಾದರೆ ಸೋಸಿ ಹಾಗೇ ಬಳಸಿ. ಕಾಯಿಸಿ ಗಟ್ಟಿ ಮಾಡಿಟ್ಟದ್ದಾದರೆ ಬಿಸಿನೀರಲ್ಲಿ ಕರಗಿಸಿಕೊಳ್ಳಿ. ಒಣಗಿದ ಚೊಗರು ಬಟ್ಟೆಯ ತೂಕದ ಮೂರರಲ್ಲಿ ಒಂದು ಭಾಗ ಇದ್ದರೆ ಒಳ್ಳೆಯ ಬಣ್ಣ ಬರುತ್ತದೆ. ಪ್ರತಿ ಮನೆಯ ಚೊಗರೂ ಬೇರೆ. ಎಳೆ ಅಡಿಕೆ ಎಷ್ಟಿತ್ತು, ಅದೇ ನೀರಲ್ಲಿ ಎಷ್ಟು ಸಲ ಬೇಯಿಸಿದರು ಅನ್ನುವುದರ ಮೇಲೆ ಹೋಗುತ್ತದೆ. ಹಾಗಾಗಿ ಮೊದಲು ಬೆರಳಗಲದ ಚಿಂದಿ ಅದ್ದಿ, ಒಣಗಿಸಿ ನೋಡಿ. ಹಸಿಯಲ್ಲಿ ಕಾಣುವುದಕ್ಕಿಂತ ಒಣಗಿದ ಮೇಲೆ ಬಣ್ಣ ತೆಳುವಾಗಿರುತ್ತದೆ.

ತೊಳೆದ ಬಟ್ಟೆಯನ್ನು ಪೂರ್ತಿ ಒದ್ದೆ ಮಾಡಿ ಹಿಂಡಿ, ಬೆಚ್ಚಗಿನ ಚೊಗರಿಗೆ ಬಿಡಿಸಿಕೊಂಡು ಇಳಿಸಿ. ಒಣ ಬಟ್ಟೆ ಹಾಕಿದರೆ ಮೊದಲು ತಾಗಿದ ಕಡೆಯೇ ಬಣ್ಣ ಜಾಸ್ತಿ ಹೀರಿ ಕಲೆ ಆಗುತ್ತದೆ. ನಿಧಾನಕ್ಕೆ ಬಿಸಿ ಏರಿಸಿ. ಹಬೆ ಬರಬೇಕು, ಅಂಚಿನಲ್ಲಿ ಸಣ್ಣ ಗುಳ್ಳೆ ಏಳಬೇಕು, ಕೊತಕೊತ ಕುದಿಯಬಾರದು. ಹೀಗೆ ಒಂದು ಗಂಟೆ. ಆಗಾಗ ಕೋಲಿನಿಂದ ಮಡಿಕೆ ಬಿಡಿಸುತ್ತಿರಿ, ಮೇಲೆ ತೇಲಿದ ಭಾಗವನ್ನು ಒತ್ತಿ. ರಾತ್ರಿ ಹಾಗೇ ಆರಲು ಬಿಟ್ಟು ಬೆಳಿಗ್ಗೆ ಹಿಂಡಿ ನೆರಳಲ್ಲಿ ಒಣಗಿಸಿ.

ಮುಂದಿನದು ಪಟಿಕ. ಕ್ಷೌರದ ಅಂಗಡಿಯಲ್ಲಿ ಗಡ್ಡ ಹೆರೆದ ಮೇಲೆ ಉಜ್ಜುವ ಬಿಳಿ ಕಲ್ಲು ಇದೇ, ಗ್ರಂಧಿಗೆ ಅಂಗಡಿಯಲ್ಲಿ ಸಿಗುತ್ತದೆ. 30 ಗ್ರಾಂ ಪುಡಿ ಮಾಡಿ ಬಿಸಿನೀರಲ್ಲಿ ಕರಗಿಸಿ. ಬೇರೆ ಲೋಟದಲ್ಲಿ ಒಂದು ಚಿಕ್ಕ ಚಮಚಕ್ಕಿಂತ ಸ್ವಲ್ಪ ಕಡಿಮೆ ವಾಷಿಂಗ್ ಸೋಡಾ ಕರಗಿಸಿ, ಅದನ್ನು ನಿಧಾನಕ್ಕೆ ಪಟಿಕದ ನೀರಿಗೆ ಹನಿಸಿ. ಬುರುಗು ಏಳುತ್ತದೆ, ಅದಕ್ಕೆ ಅಗಲ ಪಾತ್ರೆ ಇರಲಿ. ಪಟಿಕದ ಹುಳಿಯನ್ನು ಸೋಡಾ ತಗ್ಗಿಸುತ್ತದೆ, ಹತ್ತಿಗೆ ಹಿಡಿಯುವುದು ಸುಲಭವಾಗುತ್ತದೆ. ಬುರುಗು ಇಳಿದ ಮೇಲೆ ಬಟ್ಟೆ ಮುಳುಗುವಷ್ಟು ಬೆಚ್ಚಗಿನ ನೀರು ಸೇರಿಸಿ, ಬಟ್ಟೆ ಹಾಕಿ ಎರಡು ಗಂಟೆ ಇಡಿ. ರಾತ್ರಿಯೆಲ್ಲ ಇದ್ದರೂ ಕೆಡುವುದಿಲ್ಲ. ತೆಗೆದು ಒಮ್ಮೆ ಮಾತ್ರ ಜಾಲಿಸಿ, ಮತ್ತೆ ಅದೇ ಚೊಗರಲ್ಲಿ ಒಂದು ಗಂಟೆ ಬಿಸಿ ಮಾಡಿ. ಅಷ್ಟರಲ್ಲಿ ಮೊದಲಿನ ತೆಳು ಕಂದು ಹೋಗಿ ಇಟ್ಟಿಗೆಯ ಕಡೆಗೆ ವಾಲುವ ಕೆಂಗಂದು ಬಂದಿರುತ್ತದೆ. ಇನ್ನೂ ಗಾಢ ಬೇಕೆಂದರೆ ಉರಿ ಜಾಸ್ತಿ ಮಾಡುವುದು ದಾರಿಯಲ್ಲ. ಅದ್ದಿ, ಪೂರ್ತಿ ಒಣಗಿಸಿ, ಮತ್ತೆ ಅದ್ದಿ. ಗಾಳಿ ತಾಗಿದಷ್ಟೂ ಈ ಬಣ್ಣ ಗಟ್ಟಿಯಾಗುತ್ತದೆ.

ಕೆಂಪು ಹೆಚ್ಚು ಬೇಕೇ? ಎಲೆ ಅಡಿಕೆಗೆ ಸುಣ್ಣ ಸೇರಿದಾಗ ಬಾಯಿ ಕೆಂಪಾಗುವುದನ್ನು ನೋಡಿಯೇ ಇದ್ದೀರಿ. ಬಟ್ಟೆಯಲ್ಲೂ ಅದು ನಡೆಯುತ್ತದೆ. ಸುಣ್ಣವನ್ನು ನೀರಲ್ಲಿ ಕದಡಿ ಇಟ್ಟು, ಮೇಲಿನ ತಿಳಿಯನ್ನಷ್ಟೇ ಬಗ್ಗಿಸಿಕೊಂಡು, ಬಣ್ಣ ಹಾಕಿದ ಬಟ್ಟೆಯನ್ನು ಐದು ನಿಮಿಷ ಅದ್ದಿ. ಕಣ್ಣೆದುರೇ ಕೆಂಪೇರುತ್ತದೆ. ಆಮೇಲೆ ಸುಣ್ಣ ಪೂರ್ತಿ ಹೋಗುವ ತನಕ ತೊಳೆಯಬೇಕು. ಮಗುವಿನ ಬಟ್ಟೆ, ಮೈಗೆ ತಾಗುವುದು. ಕೈಗವಸು ಹಾಕಿಕೊಳ್ಳಿ, ಕಣ್ಣಿಗೆ ಸಿಡಿಯದಂತೆ ನೋಡಿಕೊಳ್ಳಿ.

ಹಳದಿಯ ಆಸೆ ಇದ್ದರೆ ಅರಿಶಿನ ಬಿಟ್ಟು ದಾಳಿಂಬೆ ಸಿಪ್ಪೆ ಹಿಡಿಯಿರಿ. ಜ್ಯೂಸ್ ಅಂಗಡಿಯವರು ಸುಮ್ನೆ ಎಸೆಯುವುದು, ಕೇಳಿದರೆ ಕೊಡುತ್ತಾರೆ. ಒಣಗಿದ ಸಿಪ್ಪೆ 100 ಗ್ರಾಂ ರಾತ್ರಿ ನೆನೆಸಿ, ಬೆಳಿಗ್ಗೆ ಒಂದು ಗಂಟೆ ಕುದಿಸಿ ಸೋಸಿದರೆ ಬಣ್ಣದ ನೀರು ಸಿದ್ಧ. ಇದೂ ಒಗರು, ಹಾಗಾಗಿ ಕ್ರಮ ಚೊಗರಿನದೇ. ಚೆಂಡು ಹೂವಿನಲ್ಲಿ ಇನ್ನೂ ಹೊಳೆಯುವ ಹಳದಿ ಬರುತ್ತದೆ. ಹಬ್ಬ ಮುಗಿದ ಮೇಲೆ ತೋರಣದ ಹೂ ಒಣಗಿಸಿಟ್ಟುಕೊಳ್ಳಬಹುದು. ಆದರೆ ಚೆಂಡು ಹೂವಿನಲ್ಲಿ ಹತ್ತಿಗೆ ಬೇಕಾದಷ್ಟು ಒಗರಿಲ್ಲ. ಅದಕ್ಕೆ ಮುಂಚೆ 40 ಗ್ರಾಂ ಅಳಲೆಕಾಯಿ ಪುಡಿಯ ಬಿಸಿನೀರಲ್ಲಿ ಬಟ್ಟೆಯನ್ನು ರಾತ್ರಿ ನೆನೆಸಿ ಒಣಗಿಸಿ, ಆಮೇಲೆ ಪಟಿಕ, ಆಮೇಲೆ ಹೂವಿನ ನೀರು. ಶ್ರೀಕಾಳಹಸ್ತಿಯ ಕಲಂಕಾರಿ ಕಲಾವಿದರು ಬಟ್ಟೆಯನ್ನು ಅಳಲೆಕಾಯಿಯ ಜೊತೆ ಎಮ್ಮೆ ಹಾಲಿನಲ್ಲೂ ನೆನೆಸುತ್ತಾರೆ, ಹಾಲಿನ ಕೊಬ್ಬಿನಿಂದ ಗೆರೆ ಹರಡದೆ ನಿಲ್ಲುತ್ತದೆ. ನಿಮ್ಮದು ಒಂದೇ ಬಣ್ಣದ ಬಟ್ಟೆ, ಹಾಲು ಬೇಕಿಲ್ಲ.

ಒಗರಿನ ಬಣ್ಣಕ್ಕೆ ಕಬ್ಬಿಣ ಸೋಕಿದರೆ ದಾಳಿಂಬೆಯ ಹಳದಿ ಪಾಚಿ ಹಸಿರು ಬೂದಿಗೆ ತಿರುಗುತ್ತದೆ, ಚೊಗರು ಕಪ್ಪುಗಂದಾಗುತ್ತದೆ. ಇದಕ್ಕೆ ಬಳಸುವುದು ಅನ್ನಭೇದಿ ಎಂಬ ಕಬ್ಬಿಣದ ಲವಣ. ಚೆಂದದ ಬಣ್ಣಗಳೇ, ಆದರೆ ಈ ಜುಬ್ಬಕ್ಕೆ ಬೇಡ ಅನ್ನುತ್ತೇನೆ. ಕಬ್ಬಿಣ ಸ್ವಲ್ಪ ಹೆಚ್ಚಾದರೂ ಹತ್ತಿಯ ಎಳೆ ಕ್ರಮೇಣ ಲಡ್ಡಾಗುತ್ತದೆ, ಅದೂ ಹಳೆಯ ಪಂಚೆ. ಅನ್ನಭೇದಿ ಮಕ್ಕಳ ಹೊಟ್ಟೆಗೆ ಹೋದರೆ ಪ್ರಾಣಕ್ಕೇ ಅಪಾಯ, ಮೊಮ್ಮಗಳು ಓಡಾಡುವ ಮನೆಯಲ್ಲಿ ಇಡದಿರುವುದೇ ಒಳ್ಳೆಯದು. ಮೈಲುತುತ್ತದಿಂದಲೂ ಬಣ್ಣ ಬದಲಿಸುತ್ತಾರೆ. ತೋಟಕ್ಕೆ ಹೊಡೆಯಲು ನಿಮ್ಮ ಕೊಟ್ಟಿಗೆಯಲ್ಲಿ ಇರಬಹುದು. ಅದು ವಿಷ, ಬಟ್ಟೆಯ ಹತ್ತಿರ ತರಲೇಬೇಡಿ.

ಬಣ್ಣ ಹಾಕುವ ದಿನವೇ ಹೊಲಿಗೆಯ ನೂಲನ್ನೂ ಪಾತ್ರೆಗೆ ಹಾಕಿಬಿಡಿ. ಅಂಗಡಿಯಲ್ಲಿ ಸಿಗುವ ರೀಲು ಬಹುಪಾಲು ಪಾಲಿಯೆಸ್ಟರ್. ಹತ್ತಿಯ ಬಿಳಿ ದಾರ ಅಂತ ಕೇಳಿ ತನ್ನಿ, ರೀಲಿನಿಂದ ಬಿಚ್ಚಿ ಕೈಗೆ ಸುತ್ತಿ ಸಡಿಲ ಲಡಿ ಮಾಡಿ, ಎರಡು ಮೂರು ಕಡೆ ಕಟ್ಟಿ, ಬಟ್ಟೆಯ ಜೊತೆಗೇ ತೊಳೆದು ಅದ್ದಿ. ಬಟ್ಟೆಯದೇ ಬಣ್ಣದ ದಾರ ಸಿಗುತ್ತದೆ.

ಇನ್ನು ಕತ್ತರಿಸುವುದು. ಆರು ವರ್ಷದ ಮಗುವಿನ ಎದೆ ಸುತ್ತಳತೆ ಸುಮಾರು 24 ಅಂಗುಲ ಇರುತ್ತದೆ. ನಿಮ್ಮ ಮೊಮ್ಮಗಳನ್ನು ಒಮ್ಮೆ ಅಳೆದುಕೊಳ್ಳಿ. ದುಂಡು ತೋಳು, ಡಾರ್ಟ್ ಏನೂ ಬೇಡ. ಹಳೆಯ ಕಾಲದ ಜುಬ್ಬದ ಹಾಗೆ ಎಲ್ಲವೂ ಚೌಕ ತುಂಡುಗಳು. ಬಟ್ಟೆ ನೇರ ಕತ್ತರಿಸಲು ಸ್ಕೇಲಿಗಿಂತ ಬಟ್ಟೆಯನ್ನೇ ನಂಬಿ. ಒಂದು ಎಳೆ ಹಿಡಿದು ಮೆಲ್ಲಗೆ ಎಳೆದು ತೆಗೆದರೆ ಗೆರೆ ಕಾಣುತ್ತದೆ, ಆ ಗೆರೆಯ ಮೇಲೆ ಕತ್ತರಿ ಹೋಗಲಿ.

ಮೈಗೆ 18 ಅಂಗುಲ ಅಗಲ, 47 ಅಂಗುಲ ಉದ್ದದ ಒಂದೇ ತುಂಡು. ಇದನ್ನು ಭುಜದ ಮೇಲೆ ಅಡ್ಡ ಮಡಚಿದರೆ ಮುಂದೆ ಹಿಂದೆ ಎರಡೂ ಆಯಿತು, ಭುಜದಲ್ಲಿ ಹೊಲಿಗೆಯೇ ಇಲ್ಲ. ತೋಳಿಗೆ 14 ಅಂಗುಲ ಅಗಲ, 11 ಅಂಗುಲ ಉದ್ದದ ಎರಡು ತುಂಡು. ಕಂಕುಳಿಗೆ 4 ಅಂಗುಲದ ಎರಡು ಚೌಕ. ಈ ಪುಟ್ಟ ಚೌಕ ಬಿಡಬೇಡಿ. ಮಗು ಕೈ ಎತ್ತಿ ಹಾರುವಾಗ ನೇರ ಕಟ್ಟಿನ ಬಟ್ಟೆ ಹರಿಯುವುದು ಅಲ್ಲೇ. ಮೈ ತುಂಡಿನ ಪಕ್ಕದಲ್ಲಿ ಉಳಿದ ಅರ್ಧ ಅಗಲದಲ್ಲಿ ತೋಳು, ಚೌಕ ಎಲ್ಲ ಸಿಗುತ್ತವೆ. ಕುತ್ತಿಗೆಗೆ ಬೇಕಾದ ಕ್ರಾಸ್ ಪಟ್ಟಿಯೂ ಅಲ್ಲೇ, ಒಂದೂಕಾಲು ಅಂಗುಲ ಅಗಲ, ಓರೆಯಾಗಿ ಕತ್ತರಿಸಬೇಕು.

ಕುತ್ತಿಗೆ 5 ಅಂಗುಲ ಅಗಲ, ಮುಂದೆ ಎರಡೂವರೆ ಅಂಗುಲ ಆಳ, ಹಿಂದೆ ಮುಕ್ಕಾಲು ಅಂಗುಲ. ಮುಂದೆ ನಡುವೆ 4 ಅಂಗುಲ ಸೀಳು ಕೊಡಿ, ಇಲ್ಲದಿದ್ದರೆ ತಲೆ ತೂರುವುದಿಲ್ಲ. ಮೊದಲು ಚಿಕ್ಕದಾಗಿ ಕತ್ತರಿಸಿ, ಬೇಕಾದರೆ ದೊಡ್ಡದು ಮಾಡಿ.

ಸೂಜಿ 8 ಅಥವಾ 9ನೇ ನಂಬರು ಸಾಕು, ನಂಬರು ಹೆಚ್ಚಿದಷ್ಟೂ ಸೂಜಿ ಸಣ್ಣ. ದಾರ ಒಂದು ಮೊಳಕ್ಕಿಂತ ಜಾಸ್ತಿ ಉದ್ದ ಬೇಡ, ಗಂಟು ಬೀಳುತ್ತದೆ, ಬಟ್ಟೆಗೆ ಉಜ್ಜಿ ಸವೆಯುತ್ತದೆ. ಜೇನುಮೇಣದ ಮೇಲೆ ಒಮ್ಮೆ ಎಳೆದರೆ ಗಟ್ಟಿಯಾಗುತ್ತದೆ.

ಯಂತ್ರವಿಲ್ಲದೆ ಹೊಲಿದದ್ದು ಬಾಳಿಕೆ ಬರುತ್ತದೆಯೇ ಅಂತ ಸಂಶಯ ಇದ್ದರೆ ಉತ್ತರ ಕರ್ನಾಟಕದ ಕೌದಿ ನೋಡಿ. ಹಳೆಯ ಬಟ್ಟೆಯ ಪದರಗಳನ್ನು ಬರೀ ಓಡು ಹೊಲಿಗೆಯಲ್ಲಿ ಹಿಡಿದಿರುತ್ತಾರೆ, ವರ್ಷಗಟ್ಟಲೆ ಹೊದೆಯುತ್ತಾರೆ. ಜುಬ್ಬದ ಜೋಡಣೆಗೆ ನಾನು ಹೇಳುವುದು ಕಸೂತಿಯ ಗವಂತಿ. ಒಂದು ಬಿಟ್ಟು ಒಂದು ಟಾಕಿ ಹಾಕುತ್ತಾ ಮುಂದೆ ಹೋಗಿ, ಅದೇ ದಾರಿಯಲ್ಲಿ ವಾಪಸ್ ಬರುತ್ತಾ ಬಿಟ್ಟ ಜಾಗ ತುಂಬುವುದು. ಧಾರವಾಡದ ಕಡೆ ಸೀರೆಯ ಮೇಲೆ ಗೋಪುರ, ತೇರು ಮೂಡಿಸುವ ಈ ಹೊಲಿಗೆ ಎರಡೂ ಕಡೆ ಒಂದೇ ಥರ ಕಾಣುತ್ತದೆ. ಜೋಡಣೆಗೆ ಬಳಸಿದರೆ ದಾರ ಎರಡು ಸಾಲು ಇರುತ್ತದೆ, ಒಂದು ಕಡಿದರೂ ಇನ್ನೊಂದು ಹಿಡಿದಿರುತ್ತದೆ. ಒಂದು ಅಂಗುಲದಲ್ಲಿ ಎಂಟು ಟಾಕಿ ಬಂದರೆ ಸಾಕು. ಶುರುವಿನಲ್ಲಿ ಆರು ಬಂದರೂ ಚಿಂತೆಯಿಲ್ಲ.

ಕೆಲಸದ ಕ್ರಮ ಹೀಗಿರಲಿ. ಬಟ್ಟೆ ಇನ್ನೂ ಚಪ್ಪಟೆಯಾಗಿರುವಾಗಲೇ ಕುತ್ತಿಗೆಗೂ ಸೀಳಿಗೂ ಕ್ರಾಸ್ ಪಟ್ಟಿ ಕೂರಿಸಿ, ಒಳಗೆ ಮಡಚಿ ಹೆಮ್ಮಿಂಗ್ ಮಾಡಿ. ಸೀಳಿನ ಕೊನೆಯಲ್ಲಿ ನಾಲ್ಕೈದು ಟಾಕಿ ಒತ್ತಾಗಿ ಹಾಕಿ, ಎಳೆತ ಬೀಳುವುದು ಅಲ್ಲಿ. ಆಮೇಲೆ ತೋಳಿನ ನಡುವನ್ನು ಭುಜದ ಮಡಿಕೆಗೆ ಹೊಂದಿಸಿ ತೋಳು ಸೇರಿಸಿ. ಕಂಕುಳ ಚೌಕದ ಒಂದು ಬದಿ ತೋಳಿಗೆ, ಅದಕ್ಕೆ ತಾಗಿದ ಬದಿ ಮೈಗೆ. ಆಮೇಲೆ ತೋಳಿನ ಕೆಳಗಿನಿಂದ ಪಕ್ಕೆಯವರೆಗೆ ಒಂದೇ ಓಟ, ಕೆಳಗೆ 5 ಅಂಗುಲ ಓಪನ್ ಬಿಡಿ, ಓಡಲು ಅನುಕೂಲ. ಕೊನೆಗೆ ತೋಳಿನ ಬಾಯಿ, ಕೆಳಗಿನ ಅಂಚು.

ಪ್ರತಿ ಜೋಡಣೆಯಲ್ಲೂ ಅರ್ಧ ಅಂಗುಲ ಬಿಡಿ. ಹೊಲಿದ ಮೇಲೆ ಒಂದು ಪದರವನ್ನು ಅರ್ಧಕ್ಕೆ ಕತ್ತರಿಸಿ, ಉದ್ದ ಪದರವನ್ನು ಅದರ ಮೇಲೆ ಮಡಚಿ ಬಟ್ಟೆಗೆ ಹೆಮ್ಮಿಂಗ್ ಮಾಡಿ. ಬಿಟ್ಟುಕೊಂಡ ಎಳೆಗಳೆಲ್ಲ ಒಳಗೆ ಮುಚ್ಚಿಹೋಗುತ್ತವೆ, ಒಳಮೈಯೂ ಚುಚ್ಚುವುದಿಲ್ಲ. ಮಕ್ಕಳ ಬಟ್ಟೆಯಲ್ಲಿ ಇದು ಬಹಳ ಮುಖ್ಯ. ಒಂದು ಸಲಹೆ, ಕೆಳಗಿನ ಮಡಿಕೆಗೆ ಒಂದೂವರೆ ಅಂಗುಲ ಇಟ್ಟುಕೊಳ್ಳಿ. ಮುಂದಿನ ವರ್ಷ ಬಿಚ್ಚಿ ಉದ್ದ ಮಾಡಬಹುದು. ಬಿಚ್ಚಿದ ಭಾಗ ಸ್ವಲ್ಪ ಗಾಢವಾಗಿ ಕಂಡರೆ ಅದರ ಮೇಲೊಂದು ನೇಗಿ, ಅಂದರೆ ಕಸೂತಿಯ ಓಡು ಹೊಲಿಗೆಯ, ಸಾಲು ಹಾಕಿದರಾಯಿತು.

ಬಣ್ಣ ಹಾಕಿದ ಬಟ್ಟೆಯನ್ನು ಕತ್ತರಿಸುವ ಮುಂಚೆ ಒಂದು ವಾರ ನೆರಳಲ್ಲಿ ಸುಮ್ಮನೆ ಬಿಟ್ಟು, ಆಮೇಲೆ ತಣ್ಣೀರಲ್ಲಿ ಬಣ್ಣ ಬಿಡುವುದು ನಿಲ್ಲುವ ತನಕ ತೊಳೆಯಿರಿ. ಮೊದಲೆರಡು ನೀರಲ್ಲಿ ಸ್ವಲ್ಪ ಬಿಡುತ್ತದೆ, ಅದು ಎಳೆಗೆ ಹತ್ತದೆ ಉಳಿದ ಬಣ್ಣ. ಮುಂದೆ ಜುಬ್ಬವನ್ನು ಅಂಟುವಾಳದ ನೀರಲ್ಲಿ ಒಗೆಯಿರಿ, ಇಲ್ಲವೇ ಚೂರು ಶಾಂಪೂ ಸಾಕು. ಡಿಟರ್ಜೆಂಟ್ ಪುಡಿ, ಬಟ್ಟೆ ಸೋಪು ಕ್ಷಾರ, ಬಣ್ಣ ತಿರುಗಿಸುತ್ತವೆ. ಒಳಮೈ ಹೊರಗೆ ಮಾಡಿ ನೆರಳಲ್ಲಿ ಒಣಗಿಸಿ. ನಿಂಬೆ ರಸ, ಹುಣಸೆ ಹುಳಿ ಬಿದ್ದ ಕಡೆ ಬಣ್ಣ ಮಂಕಾಗಬಹುದು, ಬಿದ್ದ ತಕ್ಷಣ ನೀರು ಹಾಕಿ ತೊಳೆದುಬಿಡಿ. ಉಳಿದ ಚೊಗರನ್ನು ಚೆಲ್ಲಬೇಡಿ. ಸೋಸಿ ಇಟ್ಟರೆ ಬಣ್ಣ ಹಾಕದೆ ಉಳಿದ ಬಿಳಿ ಪಂಚೆಯ ತುಂಡಿಗೆ ತೆಳು ಬಣ್ಣ ಬರುವಷ್ಟು ಅದರಲ್ಲಿ ಇನ್ನೂ ಇರುತ್ತದೆ.